ಪಿನ್ನಿಗೆ ಕಟ್ಟಿದ ನಿಂಬೆಹಣ್ಣು

ನಮ್ಮ ಟ್ರ್ಯಾಕ್ಟರಿಗೂ ಟ್ರೇಲರಿಗೂ ಇರುವ ಸಂಬಂಧ ಒಂದು ಪಿನ್ನಿನದು. ಹೆಬ್ಬೆರಳಿಗಿಂತ ದಪ್ಪ, ಗೇಣುದ್ದದ ಕಬ್ಬಿಣ. ಟ್ರ್ಯಾಕ್ಟರಿನ ಹಿಂದಿನ ಹುಕ್ಕಿಗೆ ಟ್ರೇಲರಿನ ಮೂಗಿನಲ್ಲಿರುವ ಬಳೆಯನ್ನು ಹೊಂದಿಸಿ, ಮೇಲಿನಿಂದ ಈ ಪಿನ್ನನ್ನು ಇಳಿಬಿಟ್ಟರೆ ಎರಡೂ ಒಂದಾದಂತೆ. ಆದಂತೆ ಅಷ್ಟೇ, ಇನ್ನೂ ಆಗಿಲ್ಲ. ಪಿನ್ನಿನ ಕೆಳತುದಿಯಲ್ಲಿ ಒಂದು ಸಣ್ಣ ತೂತಿದೆ. ಅದರೊಳಗೆ ಒಂದು ಕ್ಲಿಪ್ಪು ಹಾಕಬೇಕು. ಹೆಂಗಸರು ತುರುಬಿಗೆ ಸಿಗಿಸುವ ಪಿನ್ನಿನ ಆಕಾರದ್ದೇ, ಸ್ವಲ್ಪ ದೊಡ್ಡದು, ಸ್ವಲ್ಪ ಹಟಮಾರಿ. ಅದಿದ್ದರೆ ಟ್ರೇಲರು ಗುಂಡಿಯಲ್ಲಿ ಎಷ್ಟು ಕುಣಿದರೂ ಪಿನ್ನು ಮೇಲಕ್ಕೆ ಹಾರುವುದಿಲ್ಲ. ಅದಿಲ್ಲದಿದ್ದರೆ ಹಾರುತ್ತದೆ. ಹಾರುವ ಮುಂಚೆ ಹೇಳುವುದಿಲ್ಲ ಎಂಬುದೊಂದೇ ತೊಂದರೆ.

ಆ ತೂತಿನ ಕಾರಣಕ್ಕೆ ನಾನೊಂದು ಅಮಾವಾಸ್ಯೆಯ ದಿನ ಟ್ರ್ಯಾಕ್ಟರು ಹೊಡೆಯುವ ನನ್ನ ಸೀಟು ಕಳೆದುಕೊಳ್ಳುವುದರಲ್ಲಿದ್ದೆ.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ, ಮಗ್ಗದ ಮನೆಯಲ್ಲಿ. ನಡೆಯಲು ಕಲಿತದ್ದೇ ನೂಲು ತುಳಿಯದಂತೆ. ಹತ್ತು ವರ್ಷಕ್ಕೇ ಹರಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಿದ್ದೆ, ಹದಿನಾರಕ್ಕೆ ಸೀರೆ ನೇಯುತ್ತಿದ್ದೆ. ಕೊಟ್ಟದ್ದು ಮಾತ್ರ ಪುರ್ತಗೇರಿಯ ಒಕ್ಕಲು ಮನೆಗೆ. ಇಲ್ಲಿ ಎಳೆ ಹುಡುಕುವ ಕೆಲಸ ಇರಲಿಲ್ಲ, ಕಳೆ ಹುಡುಕುವ ಕೆಲಸ ಬೇಕಾದಷ್ಟಿತ್ತು. ಮದುವೆಯಾಗಿ ಹದಿನೆಂಟು ವರ್ಷ ನಾನು ಟ್ರ್ಯಾಕ್ಟರಿಗೆ ಮಾಡಿದ ಸೇವೆ ಎಂದರೆ ದೂರ ನಿಂತು ಕಿವಿ ಮುಚ್ಚಿಕೊಂಡದ್ದು.

ಆಮೇಲೆ ನನ್ನ ಗಂಡ ಜೋಳದ ಕಣಿಕೆ ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ಗದಗಿನ ದವಾಖಾನೆಯ ಡಾಕ್ಟರು ಒಂದು ವರ್ಷ ಟ್ರ್ಯಾಕ್ಟರಿನ ಸೀಟು ಹತ್ತಬಾರದು ಎಂದರು. ಪಕ್ಕದ ಮನೆಯಲ್ಲೇ ಇರುವ ನಮ್ಮ ಭಾವ, ಅಂದರೆ ಗಂಡನ ಅಣ್ಣ, "ನಮ್ಮ ಹೊಲ ಮುಗಿಸಿಕೊಂಡು ನಿಮ್ಮದು ನೋಡತೀನಿ" ಎಂದರು. ಮನಸ್ಸು ಕೆಟ್ಟದ್ದಲ್ಲ. ಆದರೆ ಅವರ ಹೊಲ ಮುಗಿಯುವ ಹೊತ್ತಿಗೆ ನಮ್ಮ ಹದ ಆರಿಹೋಗುತ್ತಿತ್ತು. ಎರೆ ಭೂಮಿ ಯಾರನ್ನೂ ಕಾಯುವುದಿಲ್ಲ. "ನಾನ ಹೊಡೀತೀನಿ" ಎಂದೆ. ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದೆ. ಅವರು ಕೇಳಿಸದವರಂತೆ ಊಟ ಮುಂದುವರಿಸಿದರು, ಅದು ನನ್ನನ್ನು ಕೆರಳಿಸಿತು.

ಹೊಡೆಯುವುದೇನು ಕಷ್ಟವಲ್ಲ. ಗಂಡ ಹೊರಸಿನ ಮೇಲೆ ಮಲಗಿ ಕೂಗುತ್ತಿದ್ದರು, ನಾನು ಅಂಗಳದಲ್ಲಿ ಗೇರು ಬದಲಿಸುತ್ತಿದ್ದೆ. ತಿಂಗಳಲ್ಲಿ ರೂಢಿಯಾಯಿತು, ಗದಗಿಗೆ ಹೋಗಿ ಲೈಸೆನ್ಸನ್ನೂ ಮಾಡಿಸಿದೆ. ಕಷ್ಟವಿದ್ದದ್ದು ಟ್ರೇಲರು ಜೋಡಿಸುವುದರಲ್ಲಿ. ನಮ್ಮೂರ ಪದ್ಧತಿ ಹೇಗೆಂದರೆ, ಒಬ್ಬರು ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಾರೆ, ಇನ್ನೊಬ್ಬರು ಟ್ರೇಲರಿನ ಮೂಗು ಹಿಡಿದು ಎರಡರ ನಡುವೆ ನಿಂತು "ಬಾ, ಬಾ, ಇನ್ನೊಂಚೂರು ಬಾ" ಎನ್ನುತ್ತಾರೆ. ಆ ಇನ್ನೊಂಚೂರಿಗೆ ಬೆರಳು ಕೊಟ್ಟವರು ನಮ್ಮೂರಲ್ಲಿ ಮೂವರಿದ್ದಾರೆ. ಅವರು ಕೈಯೆತ್ತಿ ನಮಸ್ಕಾರ ಮಾಡಿದಾಗಲೆಲ್ಲ ನನಗೆ ಅದೇ ನೆನಪು.

ನಮ್ಮ ಟ್ರೇಲರು ಮಾಡಿಕೊಟ್ಟವರು ಗಜೇಂದ್ರಗಡದ ಒಬ್ಬ ವೆಲ್ಡಿಂಗ್ ಚಾಚಾ. ನನ್ನ ತವರಿನ ಓಣಿಯ ತುದಿಯಲ್ಲೇ ಅವರ ಅಂಗಡಿ, ಫ್ರಾಕು ಹಾಕಿದ ದಿನದಿಂದ ನನ್ನನ್ನು ಬಲ್ಲವರು. ನಾನು ಟ್ರ್ಯಾಕ್ಟರು ಹೊಡೆದುಕೊಂಡು ಅವರ ಅಂಗಡಿ ಮುಂದೆ ನಿಂತಾಗ ಕನ್ನಡಕ ತೆಗೆದು ನೋಡಿ, ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಒಂದು ತಾಸು ಪಾಠ ಹೇಳಿದರು.

"ನಡುವ ಯಾರನ್ನೂ ನಿಲ್ಲಸಬ್ಯಾಡವಾ. ನಿನ್ನ ಗಂಡನ್ನೂ ಬ್ಯಾಡ, ಪರದೇಶದ ಇಂಜಿನಿಯರ್ ಬಂದ್ರೂ ಬ್ಯಾಡ. ಗಾಲಿಗೆ ಎರಡೂ ಕಡೆ ಕಲ್ಲ ಕೊಡು. ಮೂಗು ಸ್ಟ್ಯಾಂಡಿನ ಮ್ಯಾಲ ಹುಕ್ಕಿನ ಎತ್ತರಕ್ಕ ಇರಲಿ. ಹಿಂದ ಬಾ, ನಿಲ್ಲು, ಬ್ರೇಕ್ ಹಾಕು, ಇಳಿ, ನೋಡು. ಮತ್ತ ಹತ್ತು. ಹತ್ತು ಸಲ ಹತ್ತಿ ಇಳದ್ರ ಏನ್ ಕಾಲ ಸವೀತಾವ?"

"ಮಂದಿ ನಗತಾರಲ್ರಿ ಚಾಚಾ."

"ನಗಲಿ. ಬೆರಳ ಎಣಿಸಿಕೊಂಡು ನಗಲಿ." ಆಮೇಲೆ ಪಿನ್ನು ಕೈಗೆ ಕೊಟ್ಟು, ಕೆಳಗಿನ ತೂತು ತೋರಿಸಿ ಹೇಳಿದರು: "ಕಡೀಕ ಈ ಕ್ಲಿಪ್ ಹಾಕಿದ ಮ್ಯಾಲ ಕಣ್ಣಲೆ ನೋಡಬ್ಯಾಡ. ಕೈಲೆ ನೋಡು. ಬಗ್ಗಿ, ಕೆಳಗ ಕೈ ಹಾಕಿ, ಮುಟ್ಟಿ, ಜಗ್ಗಿ ನೋಡು. ಕಣ್ಣಿಗೆ ಭಾಳ ಅವಸರ ಇರತೈತಿ."

ನಾನು ಕಲಿತೆ. ಅವರು ಹೇಳದ ಒಂದು ಉಪಾಯವನ್ನು ನಾನೇ ಸೇರಿಸಿದೆ. ಟ್ರೇಲರಿನ ಮುಂದಿನ ಹಲಗೆಯ ನಟ್ಟ ನಡುವೆ ಒಂದು ಕೆಂಪು ನೂಲು ಇಳಿಬಿಟ್ಟೆ, ಸೀಟಿನ ಹಿಂದೆ ಒಂದು. ಹಿಂದಿರುಗಿ ನೋಡಿದರೆ ಎರಡೂ ಎಳೆ ಒಂದರ ಮೇಲೊಂದು ಕೂಡಬೇಕು. ಕೂಡದಿದ್ದರೆ ಮುಂದೆ ಹೋಗಿ ಮತ್ತೆ ಬರಬೇಕು. ಮಗ್ಗದಲ್ಲಿ ಅಂಚು ಸೊಟ್ಟ ಹೋಗದಂತೆ ಕಣ್ಣಿಡುವ ಕೆಲಸವೇ ಇದು. ಮೊದಲ ದಿನ ಹನ್ನೊಂದು ಸಲ ಹತ್ತಿ ಇಳಿದೆ. ಕಟ್ಟೆಯ ಮೇಲೆ ಕುಳಿತವರು ಗಟ್ಟಿಯಾಗಿ ಎಣಿಸಿದರು. ಹನ್ನೊಂದನೆಯ ಸಲಕ್ಕೆ ಪಿನ್ನು ಠಣ್ ಎಂದು ಇಳಿಯಿತು. ನಾನು ಕಟ್ಟೆಯ ಕಡೆ ತಿರುಗಿ "ಹನ್ನೆರಡು ಅನ್ರಿ ನೋಡೋಣ" ಎಂದೆ.

ಅವತ್ತೇ ಸಂಜೆ ಭಾವ ಬಂದು ಗಂಡನ ಹೊರಸಿನ ಪಕ್ಕ ಕೂತರು. "ಹೊಡೀಲಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ್ ಸಲ, ಒಂದ ಸಲ ಏನರ ಹೆಚ್ಚುಕಡಿಮಿ ಆತಂದ್ರ ಕೀಲಿ ನನ್ನ ಕೈಯಾಗ ಇಡಬೇಕು. ಮುಂದ ಮಾತಿಲ್ಲ." ಅವರು ಗಂಡನಿಗೆ ಹೇಳುತ್ತಿದ್ದರು, ನೋಡುತ್ತಿದ್ದದ್ದು ನನ್ನನ್ನು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಆದರೆ ಆ ಕೀಲಿ ನನ್ನ ಕೈಯಿಂದ ಹೋಗಬಾರದು ಎಂದು ಅವತ್ತು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಹೊಲ ಉಳಿಯಲಿ ಎಂದು ಶುರು ಮಾಡಿದ್ದು ನಿಜ, ಆದರೆ ಅಷ್ಟೊತ್ತಿಗೆ ಅದೊಂದೇ ಕಾರಣ ಉಳಿದಿರಲಿಲ್ಲ. ಆ ಸೀಟಿನ ಮೇಲೆ ಕೂತರೆ ನನಗೆ ಖುಷಿಯಾಗುತ್ತಿತ್ತು. ಇಷ್ಟನ್ನು ಹೇಳಲು ನಾಚಿಕೆಯೇಕೆ?

ಇನ್ನು ಅತ್ತೆಯ ವಿಷಯ. ನಮ್ಮ ಅತ್ತೆ ಎತ್ತಿನ ಕಾಲದವರು. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಮೈ ತೊಳೆದು ಪೂಜೆ ಮಾಡಿ ಬಿಡುತ್ತಾರೆ. ಟ್ರ್ಯಾಕ್ಟರಿಗೆ ಆ ರಜೆ ಇಲ್ಲ, ಪೂಜೆ ಮಾತ್ರ ಉಂಟು. ವಿಭೂತಿ, ಕುಂಕುಮ, ಚೆಂಡುಹೂವಿನ ಸರ, ಕಾಯಿ. ಕರಿದಾರದಲ್ಲಿ ಒಂದು ನಿಂಬೆಹಣ್ಣು, ಐದು ಹಸಿಮೆಣಸಿನಕಾಯಿ ಪೋಣಿಸಿ ಮುಂದೆ ಕಟ್ಟುವುದು. ತಿಂಗಳು ತಿಂಗಳೂ ತಪ್ಪದೆ ಇದನ್ನು ಅತ್ತೆಯೇ ಮಾಡುತ್ತಿದ್ದರು.

ಆ ಅಮಾವಾಸ್ಯೆ ಬೆಳಿಗ್ಗೆ ನಾನು ಉಳ್ಳಾಗಡ್ಡಿ ಚೀಲಗಳನ್ನು ಗಜೇಂದ್ರಗಡದ ಮಾರ್ಕೆಟ್ಟಿಗೆ ಒಯ್ಯಬೇಕಿತ್ತು. ಅದೇ ದಿನ ಮಧ್ಯಾಹ್ನ ಓಣಿಯ ಹನ್ನೊಂದು ಹೆಣ್ಣುಮಕ್ಕಳನ್ನು, ಅವರು ಬಡಿದಿಟ್ಟ ರೊಟ್ಟಿಯ ಗಂಟುಗಳೊಂದಿಗೆ, ಇಟಗಿಯ ಭೀಮಾಂಬಿಕಾ ದೇವಸ್ಥಾನಕ್ಕೆ ಕರೆದೊಯ್ಯುವುದಿತ್ತು. ಟ್ರೇಲರಿನಲ್ಲಿ ಮಂದಿ ಕೂರಿಸಬಾರದು ಎಂಬುದು ಕಾನೂನು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಎಲ್ಲರೂ ಕೂರುತ್ತಾರೆ. ಅದು ಸರಿ ಎಂದು ನಾನಿಲ್ಲಿ ವಾದಿಸುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಅತ್ತೆಯೂ ಬರುವವರಿದ್ದರು. ಮೊದಲ ಬಾರಿಗೆ ನನ್ನ ಗಾಡಿಯಲ್ಲಿ ಇಷ್ಟು ಜನ.

ಹಿಂದಿನ ಸಂಜೆಯೇ ಟ್ರೇಲರು ಜೋಡಿಸಿ, ಕ್ಲಿಪ್ಪು ಹಾಕಿ, ಕೈಲೆ ನೋಡಿ, ಮಲಗಿದ್ದೆ. ಬೆಳಿಗ್ಗೆ ಆಳುಗಳು ಚೀಲ ಹೇರಿದರು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಪೂಜೆ ಮುಗಿಸಿದ್ದರು. ಭಾವ ಅಲ್ಲೇ ನಿಂತು ಕೊಬ್ಬರಿ ಚೂರು ತಿನ್ನುತ್ತಿದ್ದರು. ಹುಕ್ಕಿನ ಸುತ್ತ ಚೆಂಡುಹೂವು, ಪಿನ್ನಿನ ತಲೆಗೆ ಕುಂಕುಮ, ಕೆಳಗೆ ಒಂದು ನಿಂಬೆಹಣ್ಣು ತೂಗುತ್ತಿತ್ತು. "ಇಲ್ಲೂ ಕಟ್ಟೀರೇನ್ರಿ ಅತ್ತೀ?" ಎಂದೆ.

"ಹೆಣ್ಮಕ್ಕಳು ಕೂಡೂದು ಹಿಂದ. ನಿಂಬಿಹಣ್ಣ ಮುಂದ ಕಟ್ಟಿದ್ರ ಹಿಂದಿನವರನ್ನ ಯಾರ ಕಾಯಬೇಕು?" ಎಂದರು.

ಮಾತು ಚೆನ್ನಾಗಿತ್ತು. ಹೂವು ಚೆನ್ನಾಗಿತ್ತು. ನಾನು ಕಣ್ಣಲ್ಲಿ ನೋಡಿ, ಕೈ ಮುಗಿದು, ಸೀಟು ಹತ್ತಿದೆ. ಹೂವಿನ ಪೂಜೆ ಕೆಡಿಸಿ ಕೆಳಗೆ ಕೈ ಹಾಕಲು ಮನಸ್ಸಾಗಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಚೀಲಗಳ ಭಾರಕ್ಕೆ ಟ್ರೇಲರಿನ ಮೂಗು ಪಿನ್ನನ್ನು ಅದುಮಿ ಹಿಡಿದಿತ್ತು. ಬರುವಾಗ ಟ್ರೇಲರು ಖಾಲಿ. ಖಾಲಿ ಟ್ರೇಲರು ಸಣ್ಣ ಕಲ್ಲಿಗೂ ಜಿಗಿಯುತ್ತದೆ. ಊರು ಇನ್ನೂ ಎರಡು ಮೂರು ಕಿಲೋಮೀಟರಿದೆ ಎನ್ನುವಾಗ ಒಂದು ಏರು ಬರುತ್ತದೆ, ಮೊದಲಲ್ಲೇ ರಸ್ತೆ ಕಿತ್ತುಹೋದ ಜಾಗ. ಅಲ್ಲಿ ಎರಡು ಸಲ ಧಡ್ ಧಡ್ ಎಂದಿತು. ಏರಿನ ನಡುವೆ ಬಂದಾಗ ಇಂಜಿನ್ನು ಒಮ್ಮೆಲೇ ಹಗುರಾಯಿತು. ತಿರುಗಿ ನೋಡಿದೆ. ಸೀಟಿನ ಹಿಂದಿನ ಕೆಂಪು ನೂಲು ಇತ್ತು, ಅದರ ಜೋಡಿ ಇರಲಿಲ್ಲ.

ಟ್ರೇಲರು ಮೂಗನ್ನು ಡಾಂಬರಿಗೆ ಕೆರೆಯುತ್ತಾ ಹಿಂದಕ್ಕೆ ಉರುಳುತ್ತಿತ್ತು. ನಾನು ಬ್ರೇಕು ಒತ್ತಿ ಸುಮ್ಮನೆ ನೋಡುತ್ತಾ ಕೂತೆ. ಬೇರೇನೂ ಮಾಡುವಂತಿರಲಿಲ್ಲ. ಅದು ಓರೆಯಾಗಿ ಹೋಗಿ, ರಸ್ತೆ ಪಕ್ಕದ ಖಡಿ ಕಲ್ಲಿನ ಗುಡ್ಡೆಗೆ ಬೆನ್ನು ಕೊಟ್ಟು ನಿಂತಿತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಇಳಿದೆ. ನಾಲ್ಕು ತಾಸು ಕಳೆದರೆ ಆ ಹಲಗೆಗಳ ಮೇಲೆ ಹನ್ನೊಂದು ಜನ ಇರುತ್ತಿದ್ದರು, ಹಾಡು ಹೇಳುತ್ತಾ, ಒಬ್ಬರ ಮೇಲೊಬ್ಬರು ಒರಗಿ. ಅದನ್ನು ಎಣಿಸಿಕೊಂಡು ನಾನು ರಸ್ತೆ ಬದಿಯಲ್ಲಿ ಕೂತು ಅತ್ತುಬಿಟ್ಟೆ. ಅಳು ಬೇಗ ಮುಗಿಯಿತು, ಸಿಟ್ಟು ಬಂತು.

ಕ್ಲಿಪ್ಪು ಮುರಿದು ಬಿದ್ದಿರಬೇಕೆಂದು ಏರಿನುದ್ದಕ್ಕೂ ಹುಡುಕಿದೆ. ಪಿನ್ನು ಸಿಕ್ಕಿತು. ಅದರಿಂದ ಸ್ವಲ್ಪ ದೂರದಲ್ಲಿ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾದ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ ಸಿಕ್ಕವು. ದಾರವನ್ನು ಎತ್ತಿ ನೋಡಿದಾಗ ತಿಳಿಯಿತು. ಕ್ಲಿಪ್ಪು ಮುರಿದಿರಲಿಲ್ಲ, ಕ್ಲಿಪ್ಪು ಇರಲೇ ಇಲ್ಲ. ಅತ್ತೆ ಅದನ್ನು ತೆಗೆದು, ಅದೇ ತೂತಿನಲ್ಲಿ ದಾರ ಪೋಣಿಸಿ ನಿಂಬೆಹಣ್ಣು ಕಟ್ಟಿದ್ದರು. ಗಂಟು ಬಿಚ್ಚಿರಲಿಲ್ಲ, ಅದು ಇನ್ನೂ ಕಲ್ಲಿನಂತೆ ಗಟ್ಟಿಯಿತ್ತು. ಹರಿದದ್ದು ಎಳೆ. ನೂಲಿನ ಶಕ್ತಿ ಎಷ್ಟು ಎಂದು ನಮ್ಮೂರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ನಾನೇ ಅದನ್ನು ನಂಬಿ ಹನ್ನೆರಡು ಕಿಲೋಮೀಟರು ಹೋಗಿ ಬಂದಿದ್ದೆ.

ಒಬ್ಬಳೇ ಮತ್ತೆ ಜೋಡಿಸಿದೆ. ಗಾಲಿಗೆ ಕಲ್ಲು ಕೊಟ್ಟೆ, ಜಾಕು ಹಾಕಿ ಮೂಗೆತ್ತಿದೆ, ಟ್ರ್ಯಾಕ್ಟರು ಹಿಂದೆ ತಂದೆ, ನಿಲ್ಲಿಸಿದೆ, ಇಳಿದೆ, ನೋಡಿದೆ, ಹತ್ತಿದೆ. ಆರನೆಯ ಸಲಕ್ಕೆ ಎಳೆಯ ಮೇಲೆ ಎಳೆ ಕೂತಿತು. ಕ್ಲಿಪ್ಪಿನ ಜಾಗದಲ್ಲಿ ಟೂಲ್ ಬಾಕ್ಸಿನ ಸಣ್ಣ ಸ್ಕ್ರೂಡ್ರೈವರು ತೂರಿಸಿ, ತಂತಿಯಿಂದ ಬಿಗಿದು, ನಡಿಗೆಯ ವೇಗದಲ್ಲಿ ಮನೆಗೆ ಬಂದೆ.

ಗಂಡನಿಗೆ ಮೊದಲು ಹೇಳಿದೆ. ಅವರು ಹೊರಸಿನ ಮೇಲೆ ಎದ್ದು ಕೂತು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಯಾರರ ನೋಡ್ಯಾರೇನು?"

"ಯಾರೂ ಇಲ್ಲ."

"ಹಂಗಾರ ಕ್ಲಿಪ್ ಹಾಕಿ ಸುಮ್ನ ಹೋಗು. ಅಣ್ಣಗ ತಿಳೀತಂದ್ರ ಕೀಲಿ ಹೋತು."

ನನಗೂ ಅದೇ ಬೇಕಿತ್ತು, ಸುಳ್ಳೇಕೆ ಹೇಳಲಿ. ಕ್ಲಿಪ್ಪು ಎಲ್ಲಿದೆ ಎಂದು ದೇವರ ಜಗಲಿ ನೋಡಿದೆ. ಅಲ್ಲೇ ಇತ್ತು, ಹುಣಸೆಹಣ್ಣು ಹಚ್ಚಿ ತೊಳೆದು, ಕುಂಕುಮವಿಟ್ಟು, ದೇವರ ಪಕ್ಕದಲ್ಲಿ. ಕೈ ಚಾಚಿದರೆ ಮುಗಿಯುತ್ತಿತ್ತು. ಆದರೆ ಮುಂದಿನ ಅಮಾವಾಸ್ಯೆ? ಅದರ ಮುಂದಿನದು? ನಾನು ಬಾಯಿ ಮುಚ್ಚಿಕೊಂಡರೆ ಅತ್ತೆ ಮತ್ತೆ ತೆಗೆಯುತ್ತಾರೆ, ಅವರನ್ನು ನೋಡಿ ಓಣಿಯಲ್ಲಿ ಇನ್ನೊಬ್ಬರು ತೆಗೆಯುತ್ತಾರೆ. ಸೀಟು ಉಳಿಸಿಕೊಳ್ಳಲು ಹನ್ನೊಂದು ಜನರ ಜೀವದ ಮಾತು ನುಂಗುವುದೆಂದರೆ, ಅಂಥ ಸೀಟಿನ ಮೇಲೆ ನಾನು ಹೇಗೆ ಕೂರಲಿ? ಕ್ಲಿಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಮೂರು ಗಂಟೆಗೆ ಹೆಣ್ಣುಮಕ್ಕಳು ರೊಟ್ಟಿ ಗಂಟು ಹೊತ್ತು ನೆರೆದರು. ಹತ್ತಲು ಹೊರಟವರನ್ನು ತಡೆದೆ. ಭಾವನನ್ನೂ ಕರೆಸಿದೆ. ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದೆ. ಮೊದಲು ಮಾತಾಡಿದವರು ಅತ್ತೆ.

"ನೋಡ್ರಿ ಮತ್ತ! ನಿಂಬಿಹಣ್ಣ ಹ್ಯಾಂಗ ಕಾಯ್ತು. ನಾವು ಕೂಡೂತನಕ ತಡೀಲಿಲ್ಲ, ಖಾಲಿ ಇದ್ದಾಗನ ಬಿಟ್ಟಿತು."

ನನ್ನ ನೆತ್ತಿಗೆ ಬೆಂಕಿ ಹತ್ತಿತು. "ಕಾದದ್ದಲ್ರಿ ಅತ್ತೀ, ಬಿಡಿಸಿದ್ದ ಅದು! ಕ್ಲಿಪ್ ತಗದು ದಾರ ಕಟ್ಟೀರಿ!" ಎಂದು ಕಿರುಚಿದೆ. ಹದಿನೆಂಟು ವರ್ಷದಲ್ಲಿ ಅವರೆದುರು ಅಷ್ಟು ದನಿ ಎತ್ತಿರಲಿಲ್ಲ.

"ನಮ್ಮ ಕಾಲದಾಗ ನೊಗ ಬಂಡಿಗೆ ಕಟ್ಟೂದು ಹಗ್ಗದಿಂದನ ಇತ್ತು," ಎಂದರು ಅತ್ತೆ, ದನಿ ಏರಿಸದೆ. "ಎಂದೂ ಬಿಟ್ಟಿದ್ದಿಲ್ಲ. ನನ್ನ ಗಂಟು ಬಿಚ್ಚಂಗಿಲ್ಲ."

ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕರಿದಾರವನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟೆ. "ಗಂಟು ಬಿಚ್ಚಿಲ್ರಿ. ನೀವ ನೋಡ್ರಿ." ಅವರು ಗಂಟನ್ನು ಹೆಬ್ಬೆರಳಿನಿಂದ ಮುಟ್ಟಿದರು. ಆಮೇಲೆ ಹರಿದ ಎರಡು ತುದಿಗಳನ್ನು ಮುಟ್ಟಿದರು. ನಂತರ ಟ್ರೇಲರಿನ ಪಕ್ಕ ನಿಂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರಲ್ಲಿ ಅತ್ತೆಯ ತಂಗಿಯಿದ್ದಳು, ಎದುರು ಮನೆಯ ಬಸುರಿ ಇದ್ದಳು. ದಾರ ಹಿಡಿದುಕೊಂಡೇ ಒಳಗೆ ಹೋದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಉಳಿದದ್ದು ಹೇಳಲೇಬೇಕಿತ್ತು. ಭಾವನ ಕಡೆ ತಿರುಗಿದೆ. "ಕ್ಲಿಪ್ ತಗದವರು ಯಾರರ ಆಗಲಿ ಭಾವಾರ, ಹೊರಡೂ ಮುಂದ ಕೈಲೆ ನೋಡಬೇಕಾದಾಕಿ ನಾನು. ನೋಡಲಿಲ್ಲ. ಹೂವ ನೋಡಿ ಹೊಂಟೆ. ತಪ್ಪು ನಂದು." ಕೀಲಿಯನ್ನು ಅವರ ಕೈಯಲ್ಲಿಟ್ಟೆ. ಮಾತು ಮಾತೇ. ಅವರು ಕೀಲಿ ಹಿಡಿದುಕೊಂಡರು, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಾ ಹೊಡೀತೀನಿ, ಹತ್ರಿ" ಎಂದು ಹೆಂಗಸರಿಗೆ ಹೇಳಿದರು. ಯಾರೂ ಹತ್ತಲಿಲ್ಲ.

ಅತ್ತೆ ಹೊರಗೆ ಬಂದರು. ಕೈಯಲ್ಲಿ ಕ್ಲಿಪ್ಪು, ಅದರ ಮೇಲೆ ಕುಂಕುಮ ಹಾಗೇ ಇತ್ತು. ನೇರ ಟ್ರೇಲರಿನ ಹತ್ತಿರ ಹೋಗಿ, ಸೀರೆ ಎತ್ತಿ ಕಟ್ಟಿ, ಅರವತ್ತೆಂಟರ ಮೊಣಕಾಲನ್ನು ಮಣ್ಣಿಗೆ ಊರಿ ಕೂತರು. ನಾನು ತಂತಿ ಬಿಚ್ಚಿ ಸ್ಕ್ರೂಡ್ರೈವರು ಎಳೆದೆ. ಅವರು ತಡಕಿ ತಡಕಿ ತೂತು ಹುಡುಕಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಕ್ಲಿಪ್ಪು ಟಕ್ ಎಂದು ಕೂತಿತು. ಅದನ್ನು ಹಿಡಿದು ಜಗ್ಗಿದರು. ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು ನಿಂತು, ಹಿರಿಯ ಮಗನ ಮುಂದೆ ಕೈ ಚಾಚಿದರು.

"ಕೀಲಿ ಕೊಡು."

"ಯವ್ವಾ, ಮಾತ ಆಗಿತ್ತು..."

"ಕ್ಲಿಪ್ ತಗದಾಕಿ ನಾನು. ಅದನ್ನ ಆರತಿ ತಾಟಿನ್ಯಾಗ ನೋಡಿ ಕೊಬ್ಬರಿ ತಿಂದಾಂವ ನೀನು. ನೋಡಲಾರದ ಹೊಂಟಾಕಿ ಅಕಿ. ಮೂರೂ ಮಂದಿ ತಪ್ಪು ಮಾಡೇವಿ. ಬಂದು ಹೇಳಿದಾಕಿ ಒಬ್ಬಾಕಿನ. ತಪ್ಪ ಮಾಡಿ ಹೇಳಲಾರದವರ ಹಿಂದ ನಾ ಕೂಡಂಗಿಲ್ಲ."

ಭಾವ ತಾಯಿಯ ಮುಖ ನೋಡಿದರು, ನೆಲ ನೋಡಿದರು, ಕೀಲಿ ಕೊಟ್ಟರು. ಅತ್ತೆ ಅದನ್ನು ನನ್ನ ಕೈಗೆ ಹಾಕಿ, ನಾನು ಏನಾದರೂ ಅನ್ನುವಷ್ಟರಲ್ಲಿ ತಿರುಗಿ, ಗಾಲಿಯ ಮೇಲೆ ಕಾಲಿಟ್ಟು ಎಲ್ಲರಿಗಿಂತ ಮೊದಲು ಟ್ರೇಲರು ಹತ್ತಿದರು. ಮುಂದಿನ ಹಲಗೆಗೆ, ಆ ಕೆಂಪು ನೂಲಿನ ಪಕ್ಕಕ್ಕೇ, ಬೆನ್ನು ಕೊಟ್ಟು ಕೂತರು.

"ಏನ್ ನೋಡಾಕತ್ತೀರಿ? ಹತ್ರಿ ಲಗೂ. ಹೊತ್ತ ಮುಣಗತೈತಿ."

ಒಬ್ಬೊಬ್ಬರಾಗಿ ಹತ್ತಿದರು. ಬಸುರಿಯನ್ನು ಮಾತ್ರ ಬಸ್ಸಿಗೆ ಹೋಗು ಎಂದು ಇಳಿಸಿದೆ. ರೊಟ್ಟಿ ಗಂಟುಗಳು ಒಳಗೆ ಬಂದವು. ನಾನು ಸೀಟು ಹತ್ತಿ ಕೀಲಿ ಹಾಕಿದೆ. ಇಂಜಿನ್ನು ಶುರುವಾಯಿತು.

ಹಿಂದಿನಿಂದ ಅತ್ತೆಯ ದನಿ ಬಂತು. "ಕೈಲೆ ನೋಡಿದೇನವಾ?"

"ನೀವ ಹಾಕೀರಲ್ರಿ ಅತ್ತೀ, ಈಗರ."

"ನಾ ಹಾಕಿದ್ನಿ. ನೀ ನೋಡಿದೇನು?"

ಇಂಜಿನ್ನು ಬಂದ್ ಮಾಡಿದೆ. ಇಳಿದು ಹಿಂದೆ ಹೋಗಿ, ಬಗ್ಗಿ, ಹೂವಿನ ಕೆಳಗೆ ಕೈ ಹಾಕಿ ನೋಡಿದೆ.